ಪರದೇಶಗೃಹ ಮೀಮಾಂಸೆ: ಒಂದು ಯೂರೋ ಪ್ರಕರಣ

ಯಾವ ಶಾಸ್ತ್ರವನ್ನೇ ಆಗಲಿ ಆರಂಭಿಸುವ ಮುನ್ನ ಅದಕ್ಕೆ ಅಧಿಕಾರಿ ಯಾರು, ವಿಷಯವೇನು, ಪ್ರಯೋಜನವೇನು ಎಂದು ಹೇಳಿಬಿಡುವುದು ಹಿರಿಯರ ಪದ್ಧತಿ. ಸ್ವದೇಶದಲ್ಲೊಂದು ಮನೆ, ಅದರ ಮೇಲೆ ತೀರದ ಸಾಲ, ವರ್ಷಕ್ಕೆ ಹದಿನೈದು ದಿನ ರಜೆ, ದಂಪತಿಗಳಲ್ಲಿ ಒಬ್ಬರಿಗಾದರೂ ರಾತ್ರಿ ಹನ್ನೊಂದರ ಮೇಲೆ ಫೋನಿನಲ್ಲಿ ಮನೆಗಳ ಚಿತ್ರ ನೋಡುವ ಚಟ. ಇಷ್ಟಿದ್ದವನೇ ಇಲ್ಲಿ ಅಧಿಕಾರಿ. ವಿಷಯ, ವಿದೇಶದಲ್ಲಿ ವಿಹಾರಗೃಹದ ಖರೀದಿ. ಪ್ರಯೋಜನವನ್ನು ಕುರಿತು ವಿದ್ವಾಂಸರಲ್ಲಿ ಒಮ್ಮತವಿಲ್ಲ. ಮನೆ ಕೊಂಡವರಲ್ಲಂತೂ ಇಲ್ಲವೇ ಇಲ್ಲ.

ಈ ಶಾಸ್ತ್ರದ ಕ್ಷೇತ್ರ ಸಿಸಿಲಿ ದ್ವೀಪದ ಸಾಂಬೂಕ. ಹಿಂದೆ ಅರಬರು ಕಟ್ಟಿದ ಊರು. ಕೆಲಸ ಹುಡುಕಿಕೊಂಡು ಒಂದಷ್ಟು ಜನ ದೇಶಾಂತರ ಹೋದರು. 1968ರಲ್ಲಿ ಬೆಲಿಚೆ ಕಣಿವೆಯ ಭೂಕಂಪ ಉಳಿದವರಲ್ಲೂ ಹಲವರನ್ನು ಹಳೇ ಕೇರಿಯಿಂದ ಎಬ್ಬಿಸಿತು. ವಾರಸುದಾರರು ತಿರುಗಿ ನೋಡದ ಮನೆಗಳು ಪುರಸಭೆಯ ಪಾಲಾದವು. 2019ರಲ್ಲಿ ಪುರಸಭೆ ಅವುಗಳಲ್ಲಿ ಕೆಲವನ್ನು ಒಂದು ಯೂರೋದಿಂದ ಹರಾಜಿಗಿಟ್ಟಿತು. ಜಗತ್ತಿನ ನಿದ್ದೆ ಕೆಟ್ಟಿತು. 2021ರಲ್ಲಿ ಸವಾಲು ಎರಡು ಯೂರೋದಿಂದ, 2024ರಲ್ಲಿ ಮೂರು ಯೂರೋದಿಂದ ಶುರುವಾಯಿತು. ಐದೇ ವರ್ಷದಲ್ಲಿ ಬೆಲೆ ಮೂರು ಪಟ್ಟು, ಬೆಂಗಳೂರಿನ ಸೈಟೂ ನಾಚಬೇಕು ಎಂದು ನವೀನರು ಕುಣಿದಾಡಿದರು. ಹರಾಜು ಮುಗಿಯುವ ಹೊತ್ತಿಗೆ ಎಷ್ಟೋ ಮನೆಗಳ ಬೆಲೆ ಸಾವಿರಗಳಿಗೆ ಏರಿತ್ತೆಂಬುದನ್ನು ಮಾತ್ರ ಅವರು ಅಡಿಟಿಪ್ಪಣಿಗೆ ತಳ್ಳುತ್ತಾರೆ. ಅಮೆರಿಕದ ನಟಿ ಲೊರೇನ್ ಬ್ರಾಕೊ ಇಲ್ಲೊಂದು ಒಂದು ಯೂರೋ ಮನೆ ಕೊಂಡು ಅದರ ರಿಪೇರಿಯನ್ನೇ ಟಿವಿ ಧಾರಾವಾಹಿ ಮಾಡಿಬಿಟ್ಟರು. ಉಳಿದವರ ರಿಪೇರಿಯೂ ಧಾರಾವಾಹಿಯೇ, ಆದರೆ ಪ್ರಾಯೋಜಕರಿಲ್ಲ.

ಈಗ ಬೆಲೆಯ ಸ್ವರೂಪವನ್ನು ವಿಚಾರಿಸೋಣ. ಒಂದು ಯೂರೋ ಎಂಬುದು ವ್ಯಾವಹಾರಿಕ ಸತ್ಯವೋ, ಬರೀ ಮಾಯೆಯೋ? ಸಾಂಬೂಕದಲ್ಲಿ ಐದು ಸಾವಿರ ಯೂರೋ ಠೇವಣಿ ಇಡಬೇಕು. ಮೂರು ವರ್ಷದೊಳಗೆ ಮನೆ ದುರಸ್ತಿಯಾಗದಿದ್ದರೆ ಆ ಠೇವಣಿ ಪುರಸಭೆಗೇ. ಇಟಲಿಯಲ್ಲಿ ಎರಡನೇ ಮನೆಗೆ ನೋಂದಣಿ ತೆರಿಗೆ ಸಾಮಾನ್ಯವಾಗಿ ದಾಖಲೆ ಮೌಲ್ಯದ ಶೇ 9. ಆದರೆ ಅದು ಸಾವಿರ ಯೂರೋಗಿಂತ ಕೆಳಗಿಳಿಯುವಂತಿಲ್ಲ. ಅಂದರೆ ವಸ್ತುವಿಗಿಂತ ಅದರ ತೆರಿಗೆ ಸಾವಿರ ಪಾಲು ದೊಡ್ಡದು. ನೆರಳು ಮರಕ್ಕಿಂತ ಉದ್ದವಿದ್ದರೆ ಹೊತ್ತು ಮುಳುಗುತ್ತಿದೆ ಎಂದು ತಿಳಿಯಬೇಕೆಂದು ಈ ಭಾಷ್ಯಕಾರನ ಮತ.

ಇನ್ನು ಕ್ರಯವಿಧಿ. ನೊತಾಯೋ ಎಂಬ ಅಧಿಕಾರಿ ಕ್ರಯಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದುತ್ತಾನೆ. ಚಕ್ಕುಬಂದಿ, ಸರ್ವೆ ನಂಬರು, ಸತ್ತವರ ಹೆಸರು, ಅವರು ಹುಟ್ಟಿದ ಊರು, ಒಂದನ್ನೂ ಬಿಡುವುದಿಲ್ಲ. ಇಟಾಲಿಯನ್ ಬಾರದ ಯಜಮಾನ ದುಭಾಷಿಯ ಮುಖ ನೋಡುತ್ತ ಸತ್ಯನಾರಾಯಣ ಕಥೆಗೆ ಕೂತವನಂತೆ ತಲೆಯಾಡಿಸುತ್ತಾನೆ. ಕಥೆ ಮುಗಿದ ಮೇಲೆ ಪ್ರಸಾದವಿಲ್ಲ, ಬಿಲ್ಲು ಬರುತ್ತದೆ. ಆಮೇಲೆ ಬೀಗ ತೆಗೆದರೆ ಒಳಗೆ ಪಾರಿವಾಳಗಳ ಸಂಸಾರ, ಗೋಡೆಯ ಬಿರುಕಿನಲ್ಲಿ ಬೇರುಬಿಟ್ಟ ಅಂಜೂರದ ಗಿಡ, ಮಾಡಿನಲ್ಲಿ ಹೆಂಚಿಗಿಂತ ಹೆಚ್ಚು ಆಕಾಶ. ಗಿಡವನ್ನು ಕಿತ್ತರೆ ಗೋಡೆ ಬೀಳುತ್ತದೆ, ಬಿಟ್ಟರೂ ಬೀಳುತ್ತದೆ. ಇಲ್ಲಿ ಮಾತ್ರ ಪ್ರಾಚೀನರು ನವೀನರು ಇಬ್ಬರಿಗೂ ಒಮ್ಮತವಿದೆ.

ಕಾಲವಿಚಾರ ಇನ್ನೂ ಸೂಕ್ಷ್ಮ. ಐರೋಪ್ಯ ಒಕ್ಕೂಟದ ಹೊರಗಿನವನಿಗೆ ಷೆಂಗೆನ್ ನಿಯಮದಂತೆ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಲು ಅಪ್ಪಣೆ. ಮನೆ ಇದೆ ಎಂದ ಮಾತ್ರಕ್ಕೆ ಇರುವ ಹಕ್ಕು ಹುಟ್ಟುವುದಿಲ್ಲ. ಬ್ರೆಕ್ಸಿಟ್ ಆದ ಮೇಲೆ ಬ್ರಿಟಿಷರೂ ಬೆರಳು ಮಡಿಸಿ ದಿನ ಎಣಿಸುವಂತಾಗಿದೆ. ಇತಿಹಾಸ ಬಲ್ಲ ನಮ್ಮ ಓದುಗರು ಇಲ್ಲಿ ನಗಬಹುದು, ಶಾಸ್ತ್ರದ ಆಕ್ಷೇಪವಿಲ್ಲ. ರಜೆ ಸಿಗುವುದೇ ಆಗಸ್ಟಿನಲ್ಲಿ ಎನ್ನುವ ಯಜಮಾನ ಆಗಲೇ ಹೊರಡುತ್ತಾನೆ. ಆಗಸ್ಟ್ 15ರ ಫೆರ್ರಗೋಸ್ತೋ ಹಬ್ಬದ ಆಸುಪಾಸಿನಲ್ಲಿ ಇಟಲಿಗೆ ಇಟಲಿಯೇ ರಜೆ ಹಾಕುತ್ತದೆ. ಹೀಗಾಗಿ ಪ್ಲಂಬರ್ ಸಮುದ್ರದಲ್ಲಿ, ಯಜಮಾನ ಸಿಂಕಿನ ಕೆಳಗೆ.

ಕನ್ನಡಿಗನಿಗೆ ಇದರಲ್ಲಿ ಅಧಿಕಾರವಿದೆಯೇ? ಇದೆ. ರಿಸರ್ವ್ ಬ್ಯಾಂಕು ವರ್ಷಕ್ಕೆ ತಲೆಗೆ ಎರಡೂವರೆ ಲಕ್ಷ ಡಾಲರ್ ಹೊರಗೆ ಕಳಿಸಲು ಬಿಡುತ್ತದೆ. ಹತ್ತು ಲಕ್ಷ ರೂಪಾಯಿ ದಾಟಿದ ಮೊತ್ತದ ಮೇಲೆ ಬ್ಯಾಂಕಿನವರೇ ಶೇ 20 ತೆರಿಗೆ ಹಿಡಿದುಕೊಳ್ಳುತ್ತಾರೆ. ರಿಟರ್ನ್ ಸಲ್ಲಿಸುವಾಗ ಲೆಕ್ಕಕ್ಕೆ ಬರುತ್ತದೆ, ಕಾಯಬೇಕಷ್ಟೆ. ಆ ರಿಟರ್ನಿನಲ್ಲಿ ವಿದೇಶಿ ಆಸ್ತಿಯ ಪಟ್ಟಿ ತುಂಬಬೇಕು. ಜಯನಗರದ ಆಡಿಟರ್ ಎದುರು ಕೂತು 'ಮನೆ, ಬೆಲೆ ಒಂದು ಯೂರೋ' ಎಂದು ಬರೆಸಿ, ಅವರು ಕನ್ನಡಕ ತೆಗೆದು ನೋಡುವ ನೋಟವನ್ನು ಸಹಿಸಬಲ್ಲವನೇ ನಿಜವಾದ ಧೀರ. ನೆಂಟರ ಮಾತು ಬೇರೆ. 'ಹೇಗಿದ್ರೂ ಮನೆ ಖಾಲಿ ಇದ್ಯಲ್ಲ ಭಾವ, ಹುಡುಗ್ರನ್ನ ಕರ್ಕೊಂಡು ನಾಲ್ಕು ದಿನ ಹೋಗಿ ಬರ್ತೀವಿ' ಎಂಬ ವಾಕ್ಯಕ್ಕೆ ಪರಿಹಾರ ಯಾವ ಗ್ರಂಥದಲ್ಲೂ ಇಲ್ಲ.

ಇಲ್ಲಿ ಸಾಗರದ ಕಡೆಯ ಪೂರ್ವಪಕ್ಷಿಯೊಬ್ಬ ಎದ್ದು ಕೇಳುತ್ತಾನೆ: 'ನಮ್ಮ ಮಲೆನಾಡಲ್ಲೂ ಅಂಕಣದ ದೊಡ್ಡ ದೊಡ್ಡ ಮನೆಗಳು ಬೀಗ ಹಾಕ್ಕೊಂಡು ಬಿದ್ದಿವೆ. ಹುಡುಗರೆಲ್ಲ ಬೆಂಗಳೂರು, ಅಮೆರಿಕ. ಅವನ್ನೂ ಒಂದೊಂದು ರೂಪಾಯಿಗೆ ಮಾರಬಾರದೇಕೆ?' ಸಮಾಧಾನ ಹೀಗೆ. ಸಾಂಬೂಕದಲ್ಲಿ ಮಾರುವವ ಒಬ್ಬನೇ, ಪುರಸಭೆ. ಸಾಗರದಲ್ಲಿ ಪಹಣಿಯಲ್ಲಿ ಏಳು ಹೆಸರು, ಎಂಟನೆಯದಕ್ಕೆ ಕೋರ್ಟಿನಲ್ಲಿ ದಾವೆ. ಒಂದು ರೂಪಾಯಿಯನ್ನು ಏಳು ಪಾಲು ಮಾಡಿದರೆ ಹದಿನಾಲ್ಕು ಪೈಸೆ ಚಿಲ್ಲರೆ. ಆ ಚಿಲ್ಲರೆ ಹಿರಿಯಣ್ಣನಿಗೆ ಹೋಯಿತೆಂದು ಉಳಿದ ಆರು ಮಂದಿ ಅಪೀಲು ಹೋಗುತ್ತಾರೆ.

ಪೂರ್ವಪಕ್ಷಿ ಇದಕ್ಕೆ ಮರುಖಂಡನೆ ಹೂಡುವಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ನ್ಯೂಜೆರ್ಸಿಯ ತಮ್ಮ. ಈ ಮಳೆಗಾಲಕ್ಕೆ ಮುಂಚೆ ಊರ ಮನೆಗೆ ಹೆಂಚು ಹೊದಿಸುವುದಾದರೆ ತನ್ನ ಪಾಲಿನ ಖರ್ಚು ಎಷ್ಟು, ಮತ್ತು ಹೊದಿಸಲೇಬೇಕೆ, ಎಂಬುದು ಅವನ ಪ್ರಶ್ನೆ.