ಬ್ಯಾರನ್ ಮುಂದೆ ಬೀಜಗಣಿತ

ನಾನು ಬೀಜಗಣಿತ ಕಲಿಯಲು ಕೂತದ್ದಕ್ಕೆ ಜ್ಞಾನದಾಹವೇ ಕಾರಣ ಎಂದು ಯಾರಾದರೂ ಹೇಳಿದರೆ ನಾನು ತಡೆಯುವುದಿಲ್ಲ. ನಿಜವಾದ ಕಾರಣ ಮಗನ ಹಳೆಯ ಫೋನು. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುವ ಅವನು ಹೊಸ ಫೋನು ಕೊಂಡು ಹಳೆಯದನ್ನು ನನಗೆ ದಾಟಿಸಿದ. ಅದರೊಳಗೆ ಹಾಡಿಲ್ಲ, ಸಿನಿಮಾ ಇಲ್ಲ. ಇದ್ದದ್ದೆಲ್ಲ ಲೀನಿಯರ್ ಆಲ್ಜೀಬ್ರಾ ಪಾಠಗಳ ವಿಡಿಯೊ. ಇಳಿಸಿಕೊಂಡವನು ಒಂದನ್ನೂ ತೆರೆದು ನೋಡಿರಲಿಲ್ಲ.

ಹೊಗೆಸೊಪ್ಪು ಹದಮಾಡುವ ಬ್ಯಾರನ್ ಕಾಯುವ ರಾತ್ರಿ ಎಷ್ಟು ಉದ್ದ ಎಂದು ಹುಣಸೂರು, ಪಿರಿಯಾಪಟ್ಟಣದವರಿಗೆ ಹೇಳಬೇಕಾಗಿಲ್ಲ. ನನ್ನ ತವರು ಕೆ.ಆರ್. ನಗರದ ಕಡೆ, ಭತ್ತದ ಸೀಮೆ. ನಾಲೆಗೆ ನೀರು ಬಿಟ್ಟರೆ ಅರ್ಧ ಚಿಂತೆ ಮುಗಿಯಿತು. ಭತ್ತಕ್ಕೆ ಯಾರೂ ರಾತ್ರಿ ಎದ್ದು ಥರ್ಮಾಮೀಟರ್ ನೋಡುವುದಿಲ್ಲ. ಹನಗೋಡು ಹೋಬಳಿಗೆ ಸೊಸೆಯಾಗಿ ಬಂದ ಮೇಲೆಯೇ ನನಗೆ ಗೊತ್ತಾದದ್ದು, ಹೊಗೆಸೊಪ್ಪು ಅಂದರೆ ಜ್ವರ ಬಂದ ಮಗು ಎಂದು. ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಿ ಬ್ಯಾರನ್ನಿಗೆ ಏರಿಸಿದರೆ ಐದಾರು ದಿನ ಹಗಲೂ ರಾತ್ರಿ ಒಬ್ಬರು ಕಾಯಬೇಕು. 90ರ ಆಸುಪಾಸಿನಲ್ಲಿ ಹಳದಿಯಾಗಬೇಕು, ಮೆಲ್ಲಗೆ ಶಾಖ ಏರಿಸುತ್ತಾ ಎಲೆ ಒಣಗಬೇಕು, ಕೊನೆಗೆ 160ರ ಹತ್ತಿರ ನಡುದಿಂಡು. ಎಲ್ಲಾ ಫ್ಯಾರನ್‌ಹೀಟ್ ಲೆಕ್ಕ. ತುಸು ಹೆಚ್ಚಾದರೆ ಬಣ್ಣ ಹೋಯಿತು, ಕಡಿಮೆಯಾದರೆ ಸೊಪ್ಪು ಕೊಳೆಯಿತು, ಒಂದೆಲೆ ಜಾರಿ ಕಾದ ಕೊಳವೆಯ ಮೇಲೆ ಬಿದ್ದರೆ ಬ್ಯಾರನ್ನೇ ಹೋಯಿತು.

ಆ ಕಾವಲಿನಲ್ಲಿ ನಿದ್ದೆ ತಡೆಯಲು ಮಗನ ಪಾಠ ಹಾಕಿಕೊಂಡೆ. ನಿದ್ದೆ ಬರಿಸುವುದರಲ್ಲಿ ಅವನ್ನು ಮೀರಿಸಿದ್ದು ಇಲ್ಲ ಎಂದು ಮಗ ಹೇಳಿದ್ದ. ಆದರೆ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಬಿ.ಎ. ಮಾಡಿದವಳು, ಎಸ್ಸೆಸ್ಸೆಲ್ಸಿ ಆದ ಮೇಲೆ ಗಣಿತದ ಮುಖ ನೋಡದವಳು, ನಾನು ಎದ್ದೇ ಕೂತೆ. ಪಾಠ ಹೇಳುವವರು ಹಲಗೆಯ ಮೇಲೆ ಬರೆದು, 'ಇದು ನೋಡಿದರೇ ಗೊತ್ತಾಗುತ್ತದೆ' ಎಂದು ಇಂಗ್ಲಿಷಿನಲ್ಲಿ ಹೇಳಿ ಒರೆಸಿಬಿಡುತ್ತಿದ್ದರು. ನನಗೆ ಗೊತ್ತಾಗುತ್ತಿರಲಿಲ್ಲ. ಆ ಮಾತಿನ ಮೇಲಿನ ಸಿಟ್ಟೇ ನನ್ನನ್ನು ಬೆಳಗಿನವರೆಗೂ ಎಚ್ಚರವಾಗಿ ಇಟ್ಟಿತು.

ನನಗೆ ಮೊದಲು ಅರ್ಥವಾದದ್ದು ಒಂದು ನಿಯಮ. ರೇಖೀಯ ರೂಪಾಂತರ ಎನ್ನಿಸಿಕೊಳ್ಳಬೇಕಾದರೆ ಸೊನ್ನೆ ಸೊನ್ನೆಗೇ ಹೋಗಬೇಕು. ತಕ್ಷಣ ತಲೆಯೆತ್ತಿ ಬ್ಯಾರನ್ನಿನ ಥರ್ಮಾಮೀಟರ್ ನೋಡಿದೆ. ಫ್ಯಾರನ್‌ಹೀಟನ್ನು ಸೆಲ್ಸಿಯಸ್ಸಿಗೆ ಇಳಿಸಲು 32 ಕಳೆದು ಐದರಿಂದ ಗುಣಿಸಿ ಒಂಬತ್ತರಿಂದ ಭಾಗಿಸುತ್ತೇವಲ್ಲ, ಗೆರೆ ಎಳೆದರೆ ಅದು ನೆಟ್ಟಗೇ ಬರುತ್ತದೆ. ಆದರೂ ಅಲ್ಲಿಯ ಸೊನ್ನೆ ಇಲ್ಲಿ ಸೊನ್ನೆಯಾಗದೆ ಮೈನಸ್ ಹದಿನೇಳೂ ಚಿಲ್ಲರೆಗೆ ಹೋಗಿ ಬೀಳುತ್ತದೆ. ಅಂದರೆ ಅದು ರೇಖೀಯವೇ ಅಲ್ಲ! ನಡುರಾತ್ರಿಯಲ್ಲಿ ಯಜಮಾನರನ್ನು ಅಲುಗಿಸಿ ಎಬ್ಬಿಸಿದೆ.

"ರೀ, ನಮ್ಮ ಥರ್ಮಾಮೀಟರ್ ಲೀನಿಯರ್ ಅಲ್ಲ ಕಣ್ರೀ."

ಅವರು ಗಾಬರಿಯಾಗಿ ಎದ್ದು ಓಡಿ ಹೋಗಿ ನೋಡಿದರು. "ನೆಟ್ಟಗೇ ನೇತಾಡ್ತಾ ಅದಲ್ಲೇ," ಎಂದರು. ಒಲೆಗೆ ಎರಡು ಸೌದೆ ನೂಕಿ ಮತ್ತೆ ಮಲಗಿದರು.

ಮುಂದಿನ ಜುಲೈನಲ್ಲಿ ನನ್ನ ಹೆಸರಲ್ಲೇ ಸೇರಿಬಿಟ್ಟೆ. ಐಐಟಿಗಳೂ ಬೆಂಗಳೂರಿನ ಐಐಎಸ್‌ಸಿಯೂ ಕೂಡಿ 2003ರಲ್ಲಿ ಶುರುಮಾಡಿದ ಎನ್‌ಪಿಟೆಲ್ ಪಾಠಗಳು ಈಗ 2017ರಲ್ಲಿ ಬಂದ ಸ್ವಯಂ ಜಾಲತಾಣದಲ್ಲಿ ಸಿಗುತ್ತವೆ. ಸೇರುವುದಕ್ಕೆ ಕಾಸಿಲ್ಲ, ವಯಸ್ಸು ಕೇಳುವುದಿಲ್ಲ, ಪರೀಕ್ಷೆ ಬರೆಯುವುದಾದರೆ ಮಾತ್ರ ಸಾವಿರ ರೂಪಾಯಿ. ಹನ್ನೆರಡು ವಾರದ ಪಾಠ, ವಾರಕ್ಕೊಂದು ಮನೆಗೆಲಸ, ಒಳ್ಳೆಯ ಎಂಟನ್ನು ಲೆಕ್ಕಕ್ಕೆ ಹಿಡಿದು 25 ಅಂಕ, ಮೈಸೂರಿಗೆ ಹೋಗಿ ಬರೆಯುವ ಪರೀಕ್ಷೆಗೆ 75. ಜುಲೈ ಕೊನೆಗೆ ಹಿಡಿದರೆ ಅಕ್ಟೋಬರಿಗೆ ಮುಗಿಯುತ್ತದೆ. ಹೊಗೆಸೊಪ್ಪು ಮುರಿದು ಬೇಯಿಸುವ ಕಾಲವೂ ಅದೇ. ಈ ವೇಳಾಪಟ್ಟಿ ಮಾಡಿದವರ ಮನೆಯಲ್ಲಿ ಬ್ಯಾರನ್ ಇರಲಾರದು.

ಮದ್ರಾಸಿನ ಐಐಟಿಗೆ ಮನೆಗೆಲಸ ಕಳಿಸಲು ಗಡುವು ಬುಧವಾರ ರಾತ್ರಿ 11:59. ಹನ್ನೆರಡು ಎಂದರೆ ಏನು ಗಂಟು ಹೋಗುತ್ತಿತ್ತೋ!

ಆ ಒಂದು ಬುಧವಾರದ ಕಥೆಯನ್ನು ಮಾತ್ರ ನಿಧಾನವಾಗಿ ಹೇಳುತ್ತೇನೆ. ಯಜಮಾನರು ನಾದಿನಿಯ ಮನೆಯ ಗೃಹಪ್ರವೇಶಕ್ಕೆ ಪಿರಿಯಾಪಟ್ಟಣಕ್ಕೆ ಹೋಗಿದ್ದರು. ಬ್ಯಾರನ್ ಬೆಂಕಿ 150 ದಾಟಿತ್ತು, ಬಿಟ್ಟು ಕದಲುವ ಹಾಗಿಲ್ಲ. ನಾನೂ ಅತ್ತೆಯೂ ಕಾವಲು. ಒಂಬತ್ತು ಪ್ರಶ್ನೆಗೆ ಉತ್ತರ ತುಂಬಿ ಆಗಿತ್ತು. ಹತ್ತನೆಯದು ಮಾತ್ರ ಸತಾಯಿಸುತ್ತಿತ್ತು. ನಾಲ್ಕು ಕಂಬಸಾಲಿನ ಒಂದು ಮ್ಯಾಟ್ರಿಕ್ಸ್. ಅದು ಯಾರು ಯಾರನ್ನು ಸೊನ್ನೆಗೆ ತಳ್ಳುತ್ತದೋ ಅವರೆಲ್ಲ ವಾಸಿಸುವ ಜಾಗದ ಆಯಾಮ ಎಷ್ಟು? ಸೌದೆ ನೂಕುತ್ತಾ, ಇದ್ದಿಲಿನಲ್ಲಿ ಕಟ್ಟೆಯ ಮೇಲೆ ಗೀಚುತ್ತಾ, ಹನ್ನೊಂದೂವರೆಗೆ ಬಗೆಹರಿಯಿತು. ಹಿಗ್ಗಿ ಫೋನು ಎತ್ತಿಕೊಂಡರೆ ನೆಟ್‌ವರ್ಕ್ ಇಲ್ಲ.

ನಮ್ಮ ಬ್ಯಾರನ್ ಇರುವುದು ತಗ್ಗಿನಲ್ಲಿ. ಸಿಗ್ನಲ್ ಇದೆ, ಆದರೆ ಅದು ಎರಡಾಳೆತ್ತರದಲ್ಲಿ ಓಡಾಡುತ್ತದೆ, ಮನುಷ್ಯರ ಮಟ್ಟಕ್ಕೆ ಇಳಿಯುವುದಿಲ್ಲ. ಗೋಡೆಗೆ ಒರಗಿಸಿದ್ದ ತೆಂಗಿನಕಾಯಿ ಕೀಳುವ ದೋಟಿ ಕಣ್ಣಿಗೆ ಬಿತ್ತು. ಸೊಪ್ಪು ಕಟ್ಟುವ ಹುರಿಯಿಂದ ಫೋನನ್ನು ದೋಟಿಯ ತುದಿಗೆ ಬಿಗಿದು ಮೇಲೆತ್ತಿದೆ. ತುದಿಯಲ್ಲಿ ಎರಡು ಕಡ್ಡಿ ಸಿಗ್ನಲ್ ಮಿನುಗಿತು. ಆಗ ಹೊಳೆದದ್ದು, ಕಳಿಸುವ ಗುಂಡಿ ಮೇಲಿದೆ, ಒತ್ತುವ ಬೆರಳು ಕೆಳಗಿದೆ.

ಸರಿ, ಕೆಳಗಿಳಿಸಿ ಗುಂಡಿ ಒತ್ತಿ, ಪರದೆಯ ಮೇಲೆ ಚಕ್ರ ತಿರುಗತೊಡಗುತ್ತಿದ್ದಂತೆ ಸರಕ್ಕನೆ ಮೇಲೆತ್ತುವುದು ಎಂದು ತೀರ್ಮಾನಿಸಿದೆ. ಒತ್ತಿದೆ, ಎತ್ತಿದೆ. ಇಳಿಸಿ ನೋಡಿದರೆ 'ಮತ್ತೆ ಪ್ರಯತ್ನಿಸಿ'. ಮತ್ತೆ ಒತ್ತಿದೆ, ಎತ್ತಿದೆ. ಈ ಸಲ ಫೋನು ಕತ್ತಲಾಗಿ, ಇಳಿಸಿದಾಗ ನನ್ನ ಬೆರಳಚ್ಚು ಕೇಳಿತು. ಬೆರಳಿಗೆ ಇದ್ದಿಲು ಮೆತ್ತಿದ್ದರಿಂದ ನಾನು ನಾನೇ ಎಂದು ಅದು ಒಪ್ಪಲಿಲ್ಲ. ಸೆರಗಿಗೆ ಒರೆಸಿಕೊಂಡು ಒಪ್ಪಿಸಿದೆ. ಕಂಬಳಿಯೊಳಗಿಂದ ಅತ್ತೆ ತಲೆ ಹೊರಹಾಕಿದರು.

"ಯಾರ್ಗವ್ವ ಫೋನು, ಇಷ್ಟೊತ್ನಲ್ಲಿ?"

"ಮದ್ರಾಸ್ಗೆ ಅತ್ತೆ."

"ಮದ್ರಾಸ್ನೋರ್ಗೆ ಏನ್ ಬೇಕಂತೆ?"

"ಒಂದ್ ಲೆಕ್ಕದ ಉತ್ತರ."

"ಅವರ್ಗೇ ಗೊತ್ತಿಲ್ವ?"

"ಗೊತ್ತದೆ. ನಂಗೆ ಗೊತ್ತದಾ ಅಂತ ನೋಡ್ತಾರೆ."

ಅತ್ತೆ ಇದನ್ನು ತೂಗಿ ನೋಡಿದರು. ಮದ್ರಾಸಿನವರ ಬಗ್ಗೆ ಅವರ ಅಭಿಪ್ರಾಯ ಅಷ್ಟೇನೂ ಏರಿದಂತೆ ಕಾಣಲಿಲ್ಲ. ಆದರೂ ಎದ್ದು ಬಂದು, "ತತ್ತಾ ಇಲ್ಲಿ, ನೀನ್ ಒತ್ತು, ನಾನ್ ಎತ್ತೀನಿ," ಎಂದು ದೋಟಿ ಇಸಕೊಂಡರು. ಎಪ್ಪತ್ತು ದಾಟಿದ ಜೀವ, ಆದರೆ ದೋಟಿ ಆಡಿಸುವುದರಲ್ಲಿ ನನಗಿಂತ ಚುರುಕು. ನಾನು ಒತ್ತಿ 'ಹೂಂ' ಅನ್ನುವುದು, ಅವರು ಎತ್ತುವುದು, ನಾನು 'ಇಳ್ಸಿ' ಅನ್ನುವುದು, ಅವರು ಇಳಿಸುವುದು. ಕತ್ತಲಲ್ಲಿ ಒಂದು ಬೆಳಕು ಏರುತ್ತಾ ಇಳಿಯುತ್ತಾ ಇದ್ದರೆ, ನಾಗರಹೊಳೆ ಕಾಡಿನ ಅಂಚಿನ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ. ಆ ಗಡಿಬಿಡಿಯಲ್ಲಿ ನಮಗಿಬ್ಬರಿಗೂ ಅದು ನೆನಪಾಗಲಿಲ್ಲ.

ಆಚೆ ದಿಣ್ಣೆಯ ಮೇಲೆ ಶುಂಠಿ ಕಾಯುತ್ತಿದ್ದ ಹುಡುಗನಿಗೆ ನೆನಪಾಯಿತು. ಅವನು ಅಟ್ಟಣೆಯಿಂದಲೇ ಕೂಗಿದ: "ಎಷ್ಟವೆ ಅಜ್ಜೀ?"

ಅತ್ತೆಗೆ ಲೆಕ್ಕದ ಧ್ಯಾನ. "ಒಂದೇ ಕಣ್ಲಾ, ಇನ್ನೊಂದೇ!" ಎಂದು ಕೂಗಿದರು.

"ಒಂಟಿ ಸಲಗ!" ಎಂದು ಅವನು ಅರಚಿದ್ದು ಹೊಳೆಯಾಚೆಗೂ ಕೇಳಿರಬೇಕು. ಹಿಂಡು ಬಂದರೆ ಜನ ಒಂದು ಬಗೆಯಲ್ಲಿ ಹೆದರುತ್ತಾರೆ, ಒಂಟಿ ಬಂದರೆ ಬೇರೆ ಬಗೆಯಲ್ಲಿ. ಮೊದಲು ಒಂದು ಪಟಾಕಿ ಸಿಡಿಯಿತು. ಆಮೇಲೆ ಎಣಿಸಲಾಗದಷ್ಟು. ಮುಸುಕಿನ ಜೋಳ ಕಾಯುವವರು ಡಬ್ಬ ಬಡಿಯತೊಡಗಿದರು. ಯಾರೋ ಟ್ರ್ಯಾಕ್ಟರ್ ಶುರುಮಾಡಿ ಹಾರನ್ ಒತ್ತಿ ಹಿಡಿದರು. ಊರ ನಾಯಿಗಳೆಲ್ಲ ತಮ್ಮ ಪಾಲು ಸೇರಿಸಿದವು. ನಮ್ಮನ್ನು ಉಳಿಸಲು ಬ್ಯಾಟರಿ ಹಿಡಿದು ಏಳೆಂಟು ಜನ ದಿಣ್ಣೆ ಇಳಿದು ಓಡಿ ಬರುತ್ತಿದ್ದರು. ಈ ಪ್ರಳಯದ ನಡುವೆ ಅತ್ತೆ ದೋಟಿ ಇಳಿಸಲು ಮರೆತು ಹಾಗೇ ಹಿಡಿದು ನಿಂತಿದ್ದರು. ನಮಗೆ ಒದಗಿದ್ದು ಆ ಮರೆವೇ. ಫೋನು ಬೇಕಾದಷ್ಟು ಹೊತ್ತು ಮೇಲಿತ್ತು. ಇಳಿಸಿದಾಗ, ಉತ್ತರ ತಲುಪಿದೆ ಎಂಬ ಸಾಲು ಪರದೆಯ ಮೇಲೆ ನಿಂತಿತ್ತು. ಗಂಟೆ 11:58.

ಹತ್ತನೆಯ ಪ್ರಶ್ನೆಗೆ ನಾವು ಮದ್ರಾಸಿಗೆ ಕಳಿಸಿದ ಉತ್ತರ: ಸೊನ್ನೆ.

ಮಾರನೆಯ ಬೆಳಿಗ್ಗೆ ಅರಣ್ಯ ಇಲಾಖೆಯ ವಾಚರ್ ಬಂದು ಬ್ಯಾರನ್ ಸುತ್ತ ಬಗ್ಗಿ ಹೆಜ್ಜೆ ಹುಡುಕಿದ. ಅತ್ತೆ ಅವನಿಗೆ ಕಾಫಿ ಕೊಟ್ಟು, "ಬಂದಂಗಿತ್ತು, ಹೋಯ್ತು ಕಣಪ್ಪ," ಎಂದರು. ಎಚ್.ಡಿ. ಕೋಟೆಯ ನನ್ನ ತಂಗಿಗೆ ಫೋನಿನಲ್ಲಿ ಹೇಳಿದಾಗ ಅವಳು ನಗಲೇ ಇಲ್ಲ. ಕಬಿನಿ ಹಿನ್ನೀರಿನ ಅಂಚಿನಲ್ಲಿ ಬಾಳುವವರಿಗೆ ಆನೆ ನಗೆಯ ವಿಷಯವಲ್ಲ. ಆದರೆ ಲೆಕ್ಕಕ್ಕೂ ಆನೆಗೂ ನಂಟು ಹಳೆಯದು. ಸುಮಾರು ಕ್ರಿ.ಶ. 850ರಲ್ಲಿ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ತನ್ನ ಗಣಿತಸಾರ ಸಂಗ್ರಹದಲ್ಲಿ ಆನೆ ಹಿಂಡನ್ನೂ ಒಂಟೆ ಹಿಂಡನ್ನೂ ಲೆಕ್ಕಕ್ಕೆ ಹಿಡಿದಿದ್ದಾನೆ. ಪದ್ಮಾವತಮ್ಮನವರ ಕನ್ನಡ ಅನುವಾದ 2000ದಲ್ಲಿ ಹೊಂಬುಜದಿಂದ ಬಂದಿದೆ. ಅವನ ಒಂಟೆಗಳಲ್ಲಿ ಕಾಲು ಭಾಗ ಕಾಡಿನಲ್ಲಿ, ವರ್ಗಮೂಲದ ಎರಡರಷ್ಟು ಬೆಟ್ಟದ ತಪ್ಪಲಲ್ಲಿ, ಹದಿನೈದು ಹೊಳೆಯ ದಂಡೆಯಲ್ಲಿ. ಒಟ್ಟು 36 ಎಂದು ನಾನು ಸೌದೆ ಒಟ್ಟುತ್ತಲೇ ಬಿಡಿಸಿದೆ. ಎಂಥ ವಿಧೇಯ ಪ್ರಾಣಿಗಳು! ವರ್ಗಮೂಲ ಹೇಳಿದಲ್ಲಿ ಹೋಗಿ ನಿಂತು ಎಣಿಸಿಕೊಳ್ಳುತ್ತವೆ. ನಮ್ಮ ಕಡೆಯ ಆನೆಗಳು ಬೇಲಿಯನ್ನೇ ಲೆಕ್ಕಕ್ಕಿಡುವುದಿಲ್ಲ.

ಅದೇ ಉಮೇದಿನಲ್ಲಿ ಒಂದು ದಿನ ಯಜಮಾನರ ಲೆಕ್ಕದ ಪುಸ್ತಕ ತೆಗೆದು ಸಮೀಕರಣ ಮಾಡಲು ಕೂತೆ. ಅದನ್ನು ಮಾಡಬಾರದಿತ್ತೇನೋ. ಕೂಲಿ ಒಂದು ಅಕ್ಷರ, ಗೊಬ್ಬರ ಒಂದು, ಸೌದೆ ಒಂದು. ಒಂದು ಕಿಲೋ ಸೊಪ್ಪು ಹದವಾಗಲು ನಾಲ್ಕೈದು ಕಿಲೋ ಸೌದೆ ಸುಡಬೇಕು. ಬ್ಯಾರನ್ನಿಗೆ ಇಷ್ಟೇ ಸೊಪ್ಪು ಎಂದು ತಂಬಾಕು ಮಂಡಳಿ ಗೆರೆ ಎಳೆದಿದೆ, ಮೀರಿದರೆ ದಂಡ. ಅಜ್ಞಾತಗಳು ಹೆಚ್ಚು, ಸಮೀಕರಣಗಳು ಕಡಿಮೆ. ಹಾಗಾದಾಗ ಯಾವುದಾದರೂ ಒಂದು ಸ್ವತಂತ್ರವಾಗಿ ಉಳಿಯುತ್ತದೆ, ಅದಕ್ಕೆ ಬೇಕಾದ ಬೆಲೆ ಕೊಟ್ಟುಕೊಳ್ಳಿ, ಉಳಿದವೆಲ್ಲ ಅದರ ಹಿಂದೆ ಬರುತ್ತವೆ ಎಂದು ಪಾಠದಲ್ಲಿ ಹೇಳಿದ್ದರು. ನಮ್ಮ ಪುಸ್ತಕದಲ್ಲಿ ಹಾಗೆ ಸ್ವತಂತ್ರವಾಗಿ ಉಳಿದದ್ದು ದರ. ಅದಕ್ಕೆ ಬೆಲೆ ಕೊಡುವವರು ನಾವಲ್ಲ. ಕಟ್ಟೆಮಳಲವಾಡಿಯ ಹರಾಜು ಕಟ್ಟೆಯಲ್ಲಿ ಬೇಲುಗಳನ್ನು ಸಾಲಾಗಿ ಇಟ್ಟಿರುತ್ತಾರೆ, ಕೊಳ್ಳುವವರು ಕೈಯಲ್ಲಿ ಯಂತ್ರ ಹಿಡಿದು ನಡೆದು ಹೋಗುತ್ತಾರೆ, ನಮ್ಮ ಬೇಲಿನ ಮುಂದೆ ನಿಲ್ಲುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. 2015ರಲ್ಲಿ ದರ ಕುಸಿದಾಗ ಈ ಜಿಲ್ಲೆಯ ಹೊಗೆಸೊಪ್ಪಿನ ರೈತರು ಜೀವ ಕಳೆದುಕೊಂಡರು. ಹೊಗೆಸೊಪ್ಪು ಬಿಟ್ಟು ಬೇರೇನಾದರೂ ಬೆಳೆಯಿರಿ ಎಂದು ಮೈಸೂರಿನಿಂದ ಕಾರಿನಲ್ಲಿ ಬಂದು ಹೇಳುವವರು ಇದ್ದಾರೆ. ಇದು ಅವರಿಗೆ ನೋಡಿದರೇ ಗೊತ್ತಾಗುತ್ತದೆ. ಹೇಳಿ, ಒರೆಸಿ, ಹೋಗುತ್ತಾರೆ. ಬೇರೆ ಎಂದರೆ ಶುಂಠಿ. ಅದರ ದರವೂ ಅದೇ ಅಕ್ಷರ. ನಾನು ಪುಸ್ತಕ ಮುಚ್ಚಿ ಇದ್ದ ಜಾಗದಲ್ಲೇ ಇಟ್ಟೆ.

ಪರೀಕ್ಷೆಯ ದಿನ ಮೈಸೂರಿನ ಕೇಂದ್ರದ ಗೇಟಿನಲ್ಲಿ ಕಾವಲಿನವನು ನನ್ನನ್ನು ತಡೆದು, "ಪೇರೆಂಟ್ಸೆಲ್ಲಾ ಮರದಡಿ ಕೂತ್ಕೊಳಿ ಅಮ್ಮ," ಎಂದ. ಹಾಲ್‌ಟಿಕೆಟ್ ತೋರಿಸಿದೆ. ಅದನ್ನೂ ನನ್ನನ್ನೂ ತಿರುಗಿಸಿ ತಿರುಗಿಸಿ ನೋಡಿ ಒಳಗೆ ಬಿಟ್ಟ. ಬಿಟ್ಟದ್ದು ಒಳ್ಳೆಯದಾಯಿತು, ಪಾಸಾದೆ. ಅಂಕ ಎಷ್ಟೆಂದು ಮಗ ಮೂರು ಸಲ ಕೇಳಿದ್ದಾನೆ. ಅವನು ಮೊದಲು ತನ್ನದನ್ನು ಹೇಳಲಿ.

ಸರ್ಟಿಫಿಕೇಟು ಕಾಗದದಲ್ಲಿ ಬರುವುದಿಲ್ಲ, ಫೋನಿನೊಳಗೇ ಬರುತ್ತದೆ. ದೋಟಿ ಹಿಡಿದದ್ದಕ್ಕೆ ತಮಗೂ ಅದರಲ್ಲಿ ಹಕ್ಕಿದೆ ಎಂದು ಅತ್ತೆಯ ವಾದ. ಕಟ್ಟು ಹಾಕಿಸಿ ದೇವರ ಮನೆಯ ಪಕ್ಕ ತೂಗುಹಾಕಬೇಕೆಂದು ಹಟ ಹಿಡಿದರು. ಹುಣಸೂರಿನ ಜೆರಾಕ್ಸ್ ಅಂಗಡಿಗೆ ಹೋದೆ. ಒಳಗೆ ಆಧಾರು, ಪಹಣಿ, ಪಾಸ್‌ಬುಕ್ಕು ಹಿಡಿದ ಬೆಳೆಗಾರರ ಸಾಲು. ಅಂಗಡಿಯವನು ನನ್ನ ಸರ್ಟಿಫಿಕೇಟು ಮುದ್ರಿಸಿ, ಬೆಳಕಿಗೆ ಹಿಡಿದು ಓದಿ, ತಾನಾಗಿಯೇ ಮೂರು ಕಾಪಿ ತೆಗೆದ.

"ಮೂರು ಯಾಕಪ್ಪ?"

"ಬ್ಯಾರನ್ ಲೈಸೆನ್ಸ್ ರಿನೀವಲ್‌ಗಲ್ವಾ ಅಕ್ಕ? ಎಲ್ಲಾ ಮೂರ್ ಮೂರ್ ಕೇಳ್ತಾರೆ."

ನನ್ನ ಹಿಂದೆ ನಿಂತಿದ್ದ ಹಿರಿಯರೊಬ್ಬರು ತಮ್ಮ ಪ್ಲಾಸ್ಟಿಕ್ ಕವರಿನ ಕಾಗದಗಳನ್ನು ಒಂದೊಂದಾಗಿ ತಡಕಿದರು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು: "ಈ ವರ್ಷದಿಂದ ಇದೂ ಬೇಕಂತಾ ಅವ್ವ? ಎಲ್ಲಿ ಮಾಡಿಕೊಡ್ತಾರೆ?"