ಹಿಟ್ಟಿನ ಮುಂದ ಸುಮ್ನಿರ್ತೀರೇನ್ರಿ?

ಖರೇ ಹೇಳ್ರಿ, ನಿಮಗ ಮಿರ್ಚಿ ಕರಿಯೋದು ಯಾರರ ಕಲಿಸಬೇಕೇನು? ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಯಾವ ಊರಿನ ಬಸ್‌ಸ್ಟ್ಯಾಂಡಿನಾಗ ಇಳದ್ರೂ ಎಣ್ಣಿ ವಾಸನಿನೇ ನಿಮ್ಮ ಕೈ ಹಿಡದು ಒಗ್ಗರಣಿ-ಮಿರ್ಚಿ ಮುಂದ ಕುಂಡರಸ್ತೈತಿ. ಜನವರ್ಯಾಗ ಗವಿಮಠದ ಜಾತ್ರಿ ಬಂದ್ರ ದಾಸೋಹದಾಗ ಲಕ್ಷಗಟ್ಟಲೆ ಮಿರ್ಚಿ ಏಳ್ತಾವ. ಅಂಥಾ ನೀವು ಕಾಲ್ ಕೇಜಿ ಸಿಗಡಿ ಮುಂದ ಸೋತು ಕುಂತೀರಿ ಅಂದ್ರ ಹೆಂಗ್ರಿ?

(ಸಿಗಡಿ ತಿನ್ನದವರು ಸಿಟ್ಟಾಗಬ್ಯಾಡ್ರಿ. ಸಿಗಡಿ ಅಂದಲ್ಲೆಲ್ಲ ಬದ್ನಿಕಾಯಿ ಅಂತ ಓದಕೊಳ್ರಿ. ಮನ್ಯಾಗ ‘ನಾ ಮುಟ್ಟಂಗಿಲ್ಲ’ ಅಂತ ಹೇಳಿ ಹುಬ್ಬಳ್ಳ್ಯಾಗ ಬಾಯಿ ಒರಿಸಿಕೊಂಡು ಬರೋರು ಇದ್ದೀರಲ್ಲ, ನೀವು ಹಿಂದಿನ ಸಾಲಿನ್ಯಾಗ ಸುಮ್ನ ಕುಂದರ್ರಿ. ನಾ ಯಾರಿಗೂ ಹೇಳಂಗಿಲ್ಲ.)

ನಿಮ್ಮ ಮೊದಲನೇ ಕಿತಾಪತಿ ಏನ್ ಗೊತ್ತೈತೇನು? ಸಿಗಡಿ ಕಂಡ ಕೂಡ್ಲೇ ಕೈ ತಾನಾಗೇ ಕಡ್ಲಿಹಿಟ್ಟಿನ ಡಬ್ಬಿಗೆ ಹೋಗ್ತೈತಿ. ಮೆಣಸಿನಕಾಯಿಗೆ ಅದು ಸರಿ ಬಿಡ್ರಿ. ದಪ್ಪ ಅಂಗಿ ತೊಟ್ಟು ಐದು ನಿಮಿಷ ಎಣ್ಯಾಗ ಈಜಿದ್ರೂ ಮೆಣಸಿನಕಾಯಿಗೆ ಏನೂ ಆಗಂಗಿಲ್ಲ. ಆದ್ರ ಸಿಗಡಿ ಬೇಯೋದೇ ಎರಡು ನಿಮಿಷಕ್ಕ. ಆ ದಪ್ಪ ಹಿಟ್ಟು ಬೇಯೂತನಾ ಕಾದ್ರ ಒಳಗ ರಬ್ಬರ್ ತಯಾರ್!

ಅದಕ್ಕ ತೆಳ್ಳಗ, ಲಗೂನ ಗರಿಗರಿ ಆಗೋ ಹಿಟ್ಟು ಬೇಕು. ಅರ್ಧ ವಾಟಗ ಮೈದಾ, ಕಾಲು ವಾಟಗ ಅಕ್ಕಿಹಿಟ್ಟು, ಉಪ್ಪು, ಖಾರಪುಡಿ. ಅಕ್ಕಿ ಎಲ್ಲಿದು ಅಂತ ನಾ ಹೇಳಬೇಕೇನು? ತುಂಗಭದ್ರಾ ಎಡದಂಡಿ ಕಾಲುವಿ ನೀರು ಕುಡದ ಗಂಗಾವತಿ ಸೋನಾಮಸೂರಿ ಮನ್ಯಾಗ ಚೀಲಗಟ್ಟಲೆ ಇಟ್ಕೊಂಡು, ಗರಿಗರಿ ಬರಲಿ ಅಂತ ಪ್ಯಾಕೆಟ್ ಪೌಡರ್ ಹುಡುಕ್ತೀರಲ್ರಿ! ಅಕ್ಕಿಹಿಟ್ಟು ಎಣ್ಣಿನೂ ಕಡಿಮಿ ಕುಡೀತೈತಿ.

ನೀರು ಫ್ರಿಜ್‌ದಾಗಿಂದು, ಕೈ ಜುಮ್ ಅನ್ನೂವಷ್ಟು ತಣ್ಣಗ, ಹೆಚ್ಚೂಕಡಿಮಿ ಹಿಟ್ಟಿನಷ್ಟ. ನೀರಿನ ಬದಲಿ ತಣ್ಣನ ಸಾದಾ ಸೋಡಾ ಬಾಟ್ಲಿ ಸುರುವಿದ್ರ ಇನ್ನೂ ಹಗೂರ. (ಸಾದಾ ಅಂದೆ. ಲಿಂಬು-ಸಕ್ಕರಿ ಹಾಕಿದ್ದು ಸುರುವಿ ಆಮ್ಯಾಲೆ ನನ್ನ ಹೆಸರು ಹೇಳಬ್ಯಾಡ್ರಿ.)

ಈಗ ನಿಜವಾದ ಕಷ್ಟ ಶುರು. ನಾಕು ಸಲ ಕೈಯಾಡಿಸಿ ಬಿಡಬೇಕು. ಬಿಡ್ತೀರೇನು? ಒಂದು ಗಂಟು ಕಂಡ್ರ ನಿಮಗ ರಾತ್ರಿ ನಿದ್ದಿ ಹತ್ತಂಗಿಲ್ಲ. ಕರೆಂಟ್ ಬಿಲ್ ಟಿವಿ ಮ್ಯಾಲೆ ತಿಂಗಳಗಟ್ಟಲೆ ಬಿಟ್ಟಿರ್ತೀರಿ, ಹರದ ಅಂಗಿ ಗುಂಡಿ ದೀಪಾವಳಿಯಿಂದ ಯುಗಾದಿ ತನಕ ಬಿಟ್ಟಿರ್ತೀರಿ, ಹಿಟ್ಟನ್ನ ಮಾತ್ರ ಮೂರು ನಿಮಿಷ ಬಿಡಂಗಿಲ್ಲ!

ಕಡ್ಲಿಹಿಟ್ಟನ್ನ ಎಷ್ಟು ಬಡದ್ರೂ ನಡೀತೈತಿ. ಗಾಳಿ ತುಂಬಿ ಹಗೂರಾನೂ ಆಗ್ತೈತಿ, ಅದರಾಗ ಗ್ಲುಟೆನ್ ಇಲ್ಲ. ಮೈದಾ ಹಂಗಲ್ರಿ. ನೀರು ಬಿದ್ದು ಕೈಯಾಡಿದಷ್ಟೂ ಅದರ ಗ್ಲುಟೆನ್ ಎಳಿ ಎಳಿ ಆಗಿ ಜಗ್ತೈತಿ, ಕರದ್ರ ಚರ್ಮದಂಗ ಆಗ್ತೈತಿ. ತಣ್ಣೀರು ಯಾಕಂದ್ರ ಅದನ್ನ ತಡಿಯಾಕ. ಗಂಟು ಇದ್ರ ಇರ್ಲಿ ಬಿಡ್ರಿ, ಅವೇ ಎಣ್ಯಾಗ ಮುರುಕುಮುರುಕು ಆಗ್ತಾವ.

ಇನ್ನ ಅಡಗಿ ಸೋಡಾ. ‘ಇನ್ನೊಂದು ಚಿಟಿಕಿ ಹಾಕವ್ವಾ’ ಅನ್ನೋ ಒಬ್ಬ ಅತ್ತಿ, ಇಲ್ಲಾ ಚಿಗವ್ವ, ಎಲ್ಲಾರ ಮನ್ಯಾಗೂ ಇರ್ತಾರ. ಅವರ ಮಾತು ಮದವಿ ವಿಷಯದಾಗ ಕೇಳ್ರಿ, ಇಲ್ಲಿ ಬ್ಯಾಡ. ಸೋಡಾ ಹೆಚ್ಚಾತಂದ್ರ ಹಿಟ್ಟು ಎಣ್ಣಿ ಹೀರತೈತಿ, ಬಣ್ಣ ಕೆಂಪಗ ಹೊಡೀತೈತಿ, ಬಾಯಾಗ ಸಾಬೂನು ಇಟ್ಟಂಗ ಆಗ್ತೈತಿ.

ಒಂದು ತಮಾಷಿ ಹೇಳ್ಲೇನು? ನಮ್ಮ ಮಿರ್ಚಿ ಒಳಗಿನ ಮೆಣಸಿನಕಾಯಿ ಹದಿನಾರನೇ ಶತಮಾನದಾಗ ಅಮೆರಿಕಾದಿಂದ ಬಂದಿದ್ದು, ಗೋವಾಕ್ಕ ತಂದು ಇಳಿಸಿದವರು ಪೋರ್ಚುಗೀಸರು. ಅದೇ ಶತಮಾನದಾಗ ಅದೇ ಮಂದಿ ಹಡಗು ಹತ್ತಿ ಜಪಾನಿಗೆ ಹೋಗಿ, ಹಿಟ್ಟಿನ್ಯಾಗ ಅದ್ದಿ ಕರಿಯೋ ರೂಢಿ ಅಲ್ಲಿ ಬಿಟ್ಟು ಬಂದ್ರು. ಜಪಾನಿನವರು ಅದನ್ನೇ ತಿದ್ದಿ ತೀಡಿ ಟೆಂಪುರಾ ಮಾಡ್ಕೊಂಡ್ರು. ಹಂಗ ನೋಡಿದ್ರ ಟೆಂಪುರಾ ಸಿಗಡಿ ನಮ್ಮ ಮಿರ್ಚಿಗೆ ದೂರದ ಬೀಗ್ತಿ ಆಗಬೇಕು. (ಬೀಗರ ಮನ್ಯಾಗ ಮರ್ಯಾದಿ ಕಳೀಬ್ಯಾಡ್ರಿ ಮತ್ತ.)

ಸಿಗಡಿ ತೊಳದ ಮ್ಯಾಲೆ ಅರಿವಿಲೆ ಒರಿಸಿದ್ರೇನು? ಇಲ್ಲ, ಗೊತ್ತಿತ್ತು. ಮೈ ಹಸಿ ಇದ್ರ ಹಿಟ್ಟು ಹಿಡಿಯಂಗಿಲ್ಲ, ಎಣ್ಣಿ ನಿಮ್ಮ ಮುಖಕ್ಕ ಸಿಡೀತೈತಿ. ಒರಿಸಿ, ಒಣ ಹಿಟ್ಟಿನ್ಯಾಗ ಒಮ್ಮೆ ಹೊರಳಿಸಿ, ಆಮ್ಯಾಲೆ ಅದ್ರಿ.

ಎಣ್ಣಿ 180 ಡಿಗ್ರಿ ಆಸುಪಾಸು ಇರಬೇಕು. ಥರ್ಮಾಮೀಟರ್ ಇಲ್ಲಾಂದ್ರ ಒಂದು ಹನಿ ಹಿಟ್ಟು ಬಿಡ್ರಿ. ತಳ ಕಂಡಂಗ ಮಾಡಿ ಚುರ್ ಅಂತ ಮ್ಯಾಲೆ ಬಂತಂದ್ರ ಸೈ. ಒಮ್ಮೆಗೆ ಐದಾರು ಸಾಕು. ಆದ್ರ ನಿಮಗ ಹಸಿವು, ಬಾಣಲಿ ತುಂಬ ಸುರೀತೀರಿ. ಎಣ್ಣಿ ತಣ್ಣಗಾಗ್ತೈತಿ, ಸಿಗಡಿ ಎಣ್ಣಿ ಕುಡಕೊಂತ ಮಲಗ್ತಾವ. ಬೆಂದ ಸಿಗಡಿ ‘ಗ’ ಅಕ್ಷರದಂಗ ಬಾಗಿದ್ರ ತಗದುಬಿಡ್ರಿ. ಸುರುಳಿ ಸುತ್ತಿ ಸೊನ್ನಿ ಆತೋ, ನಿಮ್ಮ ಮಾರ್ಕ್ಸೂ ಅಷ್ಟ.

ತಗದ ಮ್ಯಾಲೆ ಜಾಲರಿ ಮ್ಯಾಲೆ ಹರವ್ರಿ. ಏ ಏ, ತಾಟು ಮುಚ್ಚಬ್ಯಾಡ್ರಿ! ಹಾಟ್‌ಬಾಕ್ಸ್ ಅಂತೂ ತಗೀಲೇಬ್ಯಾಡ್ರಿ. ಒಳಗಿನ ಉಗಿ ಹೊರಗ ಹೋಗಲಾರದ ಗರಿಗರಿ ಎಲ್ಲ ಮೆತ್ತಗ. ‘ಎಲ್ಲಾರೂ ಬರ್ಲಿ, ಕೂಡಿ ತಿನ್ನೂಣು’ ಅಂತ ಕಾಯ್ತೀರಿ, ಬರೋರು ಮುನಿರಾಬಾದ್ ದಾಟೇ ಇರಂಗಿಲ್ಲ. ಬಾಣಲಿ ಮುಂದ ನಿಂತವರು ಬಿಸಿಬಿಸಿ ತಿಂದು ಮುಗಿಸಿಬಿಡ್ರಿ. ತಡಾಗಿ ಬಂದವರಿಗೆ ಉಳದ ಹಿಟ್ಟಿನ್ಯಾಗ ಉಳ್ಳಾಗಡ್ಡಿ ಅದ್ದಿ ಕರದು ಕೊಡ್ರಿ. ಸಿಗಡಿ ವಾಸನಿ ಬಂತಲ್ಲಾ ಅಂದ್ರ, ಬಾಜೂಕಿನ ಮನಿ ಕಡೆ ಕೈ ತೋರಸ್ರಿ.