ಕಪ್ಪೆ, ಮದ್ದಳೆ ಮತ್ತು ಬಿ.ಎಸ್ಸಿ.

ಮಗನೋ ಮಗಳೋ ಪಿಯುಸಿ ಮುಗಿಸಿದ ವರ್ಷ ನಿಮ್ಮನ್ನೂ ಆ ಪ್ರಶ್ನೆ ಬೆನ್ನಟ್ಟಿರುತ್ತದೆ: 'ಮುಂದೇನು?' ಹಾಲಿನ ಡೈರಿಯಲ್ಲಿ ಕೇಳುತ್ತಾರೆ, ಮದುವೆಮನೆ ಪಂಕ್ತಿಯಲ್ಲಿ ಕೇಳುತ್ತಾರೆ, ಹಲ್ಲಿನ ಡಾಕ್ಟರು ಬಾಯೊಳಗೆ ಇಕ್ಕಳ ಇಟ್ಟುಕೊಂಡೇ ಕೇಳುತ್ತಾರೆ. ಒಂದೇ ಆಸಕ್ತಿಯ ಮಕ್ಕಳನ್ನು ಹೆತ್ತವರು ಪುಣ್ಯವಂತರು. 'ಇಂಜಿನಿಯರಿಂಗ್' ಅಂತ ಒಂದು ಮಾತು ಎಸೆದು ಹೋಳಿಗೆ ಕಡೆ ಕೈ ಹಾಕಬಹುದು. ನಾನು ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಹೋಳಿಗೆ ಮುಗಿದು ಮಜ್ಜಿಗೆ ಬಂದಿರುತ್ತಿತ್ತು.

ಯಾಕೆಂದರೆ ನನ್ನ ಮಗಳಿಗೆ ಕಪ್ಪೆ ಬೇಕು, ಯಕ್ಷಗಾನದ ಮದ್ದಳೆ ಬೇಕು, ಹಳಗನ್ನಡ ಬೇಕು, ಷೇರು ಪೇಟೆ ಏರಿತೋ ಇಳಿಯಿತೋ ಅದೂ ಬೇಕು. ಜೂನ್ ತಿಂಗಳ ರಾತ್ರಿ ತೋಟದ ಹಳ್ಳದಲ್ಲಿ 'ಟೊಕ್ ಟೊಕ್' ಅಂದರೆ ಟಾರ್ಚ್ ಹಿಡಿದು ಹೊರಟೇಬಿಡುತ್ತಾಳೆ. ಅದು ಕುಂಬಾರ ಕಪ್ಪೆಯಂತೆ. ನಮ್ಮ ಪಶ್ಚಿಮ ಘಟ್ಟದ್ದೇ ಆದರೂ ವಿಜ್ಞಾನಿಗಳು ಅದಕ್ಕೆ ಹೆಸರಿಟ್ಟಿದ್ದು 2014ರಲ್ಲಿ. ಗಂಡು ಕಪ್ಪೆ ಮುಂಗಾಲಲ್ಲಿ ಮಣ್ಣು ತಂದು ಮೊಟ್ಟೆಗಳಿಗೆ ಮೆತ್ತುತ್ತದೆ ಅಂತ ಮಗಳು ವಿವರಿಸಿದಳು. 'ನೋಡಿದಿರಾ, ಗಂಡು!' ಎಂದು ನನ್ನವಳು ಅಡುಗೆಮನೆಯಿಂದಲೇ ಸೇರಿಸಿದಳು. ಅವತ್ತೇ ನಿರ್ಧಾರ ಮಾಡಿದೆ. ಒಂದು ಯಃಕಶ್ಚಿತ್ ಕಪ್ಪೆಗೆ ಇರುವ ಜವಾಬ್ದಾರಿ ನನಗೂ ಇದೆ ಅಂತ ತೋರಿಸಬೇಕು. ಮಗಳ ಕಾಲೇಜು ನಾನೇ ಹುಡುಕಬೇಕು. ಅದೂ ಸಣ್ಣ ಕಾಲೇಜು.

ಸಣ್ಣದೇ ಯಾಕೆ ಅಂದರೆ, ನಾನು ಓದಿದ ದೊಡ್ಡ ಕಾಲೇಜಿನಲ್ಲಿ ಒಂದು ತರಗತಿಗೆ 120 ಜನ. ಹಾಜರಿ ಪುಸ್ತಕದಲ್ಲಿ ಯಾವುದೋ ಗುಮಾಸ್ತರ ಕೈಜಾರಿ ನಾನು ಮೊದಲ ವರ್ಷವೇ 'ಮಂಜುನಾಥ' ಆದೆ. ಮೂರು ವರ್ಷವೂ ಮಂಜುನಾಥನಾಗಿಯೇ 'ಪ್ರೆಸೆಂಟ್ ಸಾರ್' ಅಂದೆ. ತಿದ್ದಿಸುವ ಧೈರ್ಯ ಬರಲಿಲ್ಲ. ಈಗಲೂ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ 'ಮಂಜುನಾಥಾ' ಅಂತ ಕೂಗಿದರೆ ಕತ್ತು ತಾನೇ ತಿರುಗುತ್ತದೆ.

ಮೊದಲು ಶಾಸ್ತ್ರಜ್ಞಾನ ಸಂಪಾದಿಸೋಣ ಅಂತ ಹೊರಟೆ. ಆಗ ಹೊಸ ಶಿಕ್ಷಣ ನೀತಿಯ ಕಾಲ. ದೇಶದಲ್ಲೇ ಮೊದಲು ಅಂತ 2021ರಲ್ಲಿ ನಮ್ಮ ರಾಜ್ಯ ಅದನ್ನು ಪದವಿಗೆ ತಂದಿತ್ತು. ನಾಲ್ಕು ವರ್ಷದ ಆನರ್ಸ್, ಮೇಜರ್ ಒಂದು, ಮೈನರ್ ಒಂದು, ಮೇಲಿಂದ ಓಪನ್ ಎಲೆಕ್ಟಿವ್. ವಿಜ್ಞಾನದವರು ಕಲೆಯ ಕಡೆಯ ಪಾಠವೊಂದನ್ನು ಇಣುಕಿ ನೋಡಬಹುದು. ನನ್ನ ಮಗಳಿಗೇ ಅಂತ ಮಾಡಿದ ಹಾಗಿತ್ತು. ಅವಳು ಪಿಯುಸಿ ಓದಿದಷ್ಟು ಕಾಲ ನಾನು ಆ ನೀತಿ ಓದಿದೆ. ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟು, ಎರಡಕ್ಕೆ ಡಿಪ್ಲೊಮಾ ಅನ್ನುವುದನ್ನೆಲ್ಲ ಹಿಂದೆ ಛಂದಸ್ಸಿನ ಗಣ ಉರುಹೊಡೆದ ಹಾಗೆ ಬಾಯಿಪಾಠ ಮಾಡಿದೆ. ಸೊಸೈಟಿ ಮೀಟಿಂಗಿನಲ್ಲಿ ಅಡಿಕೆ ಧಾರಣೆಯ ಚರ್ಚೆ ನಡುವೆ ಎದ್ದುನಿಂತು ಇದರ ಬಗ್ಗೆ ಉಪನ್ಯಾಸವನ್ನೂ ಕೊಟ್ಟೆ. ಚಪ್ಪಾಳೆ ಬಿತ್ತು (ಮುಗಿಯಿತಲ್ಲ ಅಂತ ಇರಬೇಕು). ಮಗಳ ಪಿಯುಸಿ ಮುಗಿದದ್ದು 2024ರಲ್ಲಿ. ಅದೇ ವರ್ಷ ಸರ್ಕಾರ ನಾಲ್ಕು ವರ್ಷದ ಪದ್ಧತಿ ಕೈಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಇಡೀ ತಾಲ್ಲೂಕಿನಲ್ಲಿ ಆ ನಿಯಮಗಳೆಲ್ಲ ಬಾಯಿಗೆ ಬರುವ ಒಬ್ಬನೇ ಮನುಷ್ಯ ನಾನು. ಕೇಳುವವರು ಮಾತ್ರ ಯಾರೂ ಇಲ್ಲ.

ಹಿರಿಯರ ಉದಾಹರಣೆಗಳಿಂದಾದರೂ ದಾರಿ ಕಂಡೀತೇನೋ ಅಂತ ಊಟದ ಹೊತ್ತಿಗೆ ಶಿವರಾಮ ಕಾರಂತರ ಮಾತೆತ್ತಿದೆ. 'ಕಾದಂಬರಿ, ಯಕ್ಷಗಾನ, ವಿಜ್ಞಾನ, ಏನು ಬಿಟ್ಟಿದ್ದಾರೆ ಹೇಳು? ಅವರ ಥರ ಆಗು.' ಮಗಳು ತಟ್ಟೆಯಿಂದ ತಲೆ ಎತ್ತದೆ, 'ಅವರು ಗಾಂಧೀಜಿ ಕರೆ ಕೇಳಿ ಕಾಲೇಜು ಬಿಟ್ಟವರು, ಅಪ್ಪಾ. ನಾನೂ ಬಿಡಲಾ?' ಎಂದಳು. ಡಿವಿಜಿಯವರ ಹೆಸರು ಬಾಯಿ ತುದಿಗೆ ಬಂದಿತ್ತು. ಅವರು ಮೆಟ್ರಿಕ್ಕೇ ದಾಟಲಿಲ್ಲ ಅನ್ನುವುದು ಸಮಯಕ್ಕೆ ಸರಿಯಾಗಿ ನೆನಪಾಗಿ ಅನ್ನದ ಜೊತೆ ನುಂಗಿದೆ. ಅವರ ಮಗ ಬಿ.ಜಿ.ಎಲ್. ಸ್ವಾಮಿಯವರಿಗೆ ದಾಟಿದೆ. ಸಸ್ಯವಿಜ್ಞಾನಿ, ಸಾಹಿತಿ, ಚಿತ್ರ ಬೇರೆ ಬರೆಯುತ್ತಿದ್ದರು, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಪ್ರಿನ್ಸಿಪಾಲರು. ಈ ಸಲ ಗೆದ್ದೆ ಅಂದುಕೊಂಡೆ. 'ಅವರ ಕಾಲೇಜು ರಂಗ ಓದಿದ್ದೀಯಾ?' ಎಂದಳು. ಓದಿದ್ದೇನೆ ಅಂದುಬಿಟ್ಟೆ. ಎರಡನೇ ಪ್ರಶ್ನೆಗೆ ಕೈತೊಳೆಯಲು ಎದ್ದೆ.

ಅಷ್ಟರಲ್ಲಿ ಅಮೆರಿಕದ ಅತ್ತಿಗೆಯ ಫೋನು ಬಂತು. ಅಲ್ಲಿ ಲಿಬರಲ್ ಆರ್ಟ್ಸ್ ಕಾಲೇಜುಗಳಿವೆಯಂತೆ. ಸ್ವಾರ್ಥ್‌ಮೋರ್, ಗ್ರಿನೆಲ್ ಅಂತೆಲ್ಲ ಹೆಸರು. ಇಡೀ ಕಾಲೇಜು ಸೇರಿ ಎರಡು ಸಾವಿರ ಮಕ್ಕಳೂ ಇಲ್ಲ, ಜೀವಶಾಸ್ತ್ರದ ಜೊತೆ ಸಂಗೀತ, ಅರ್ಥಶಾಸ್ತ್ರ ಯಾವುದನ್ನೂ ಓದಬಹುದು. 'ಖರ್ಚು ವರ್ಷಕ್ಕೆ 80 ಸಾವಿರದ ಮೇಲೆ ಹೋಗುತ್ತೆ' ಎಂದರು. 80 ಸಾವಿರ! ಎರಡು ಕ್ವಿಂಟಲ್ ಅಡಿಕೆಗೆ ಅಮೆರಿಕ! ಅದೇ ಸಂಜೆ ಡೈರಿಯಲ್ಲಿ ಮಗಳು ಅಮೆರಿಕಕ್ಕೆ ಹೋಗುವ ಸುದ್ದಿ ಹೇಳಿದೆ. ಎಲ್ಲರಿಗೂ ಚಹಾ ಕೊಡಿಸಿದೆ. ಸೂಟ್‌ಕೇಸಿನ ರೇಟೂ ವಿಚಾರಿಸಿದೆ. ರಾತ್ರಿ ಮಗಳು 'ಅಪ್ಪಾ, ಅದು ಡಾಲರು' ಎಂದಳು. ಕಾಗದ ತೆಗೆದು ಲೆಕ್ಕ ಹಾಕಿಯೂ ತೋರಿಸಿದಳು. ಷೇರು ಪೇಟೆಯ ಆಸಕ್ತಿ ಎಂಥ ಕ್ರೂರವಾದದ್ದು ಅಂತ ಅವತ್ತು ಗೊತ್ತಾಯಿತು. ವರ್ಷಕ್ಕೆ 65 ಲಕ್ಷ ರೂಪಾಯಿಗೂ ಮೇಲೆ, ಅಂದರೆ 130 ಕ್ವಿಂಟಲ್ ದಾಟುವ ಅಡಿಕೆ. ನಮ್ಮ ತೋಟ ಬರೀ ಒಂದೆಕರೆ. ಕೊಳೆರೋಗ ಕೃಪೆ ತೋರಿದ ವರ್ಷ ಹತ್ತು ಕ್ವಿಂಟಲ್ ಕಂಡರೆ ನಮಗೆ ದೀಪಾವಳಿ. ಮರುದಿನದಿಂದ ಡೈರಿಗೆ ಹಾಲು ಒಯ್ಯುವ ಕೆಲಸ ನನ್ನವಳಿಗೆ ಬಿತ್ತು. ಅಲ್ಲಿಯವರಿಗೆ ಅವಳು ಏನು ಹೇಳಿದಳೋ, ನಾನು ಕೇಳಿಲ್ಲ.

ಇನ್ನು ಓಡಾಟವೇ ಗತಿ. ಮೊದಲು ನೋಡಿದ ಕಾಲೇಜು ನಿಜಕ್ಕೂ ಚೆಂದ. ಹೆಂಚಿನ ಕಟ್ಟಡ, ಅಂಗಳದಲ್ಲಿ ಹಲಸಿನ ಮರ, ಬಾಟನಿ ತರಗತಿಯಲ್ಲಿ ಬೆರಳಲ್ಲಿ ಎಣಿಸುವಷ್ಟು ಮಕ್ಕಳು. 'ಕೂತು ಪಾಠ ಕೇಳಿ ಹೋಗಿ' ಅಂತ ಪ್ರಿನ್ಸಿಪಾಲರು ಪ್ರೀತಿಯಿಂದ ಹೇಳಿದರು. ಮಧ್ಯಾಹ್ನದ ಊಟವಾಗಿತ್ತು. ಎಲೆಯ ಪತ್ರರಂಧ್ರಗಳು ಹೇಗೆ ತೆರೆದು ಹೇಗೆ ಮುಚ್ಚುತ್ತವೆ ಅಂತ ಮೇಡಂ ಬಹಳ ಚೆನ್ನಾಗಿ ಹೇಳುತ್ತಿದ್ದರು. ನನ್ನ ರೆಪ್ಪೆಗಳು ಮುಚ್ಚುವುದನ್ನು ಮಾತ್ರ ಕಲಿತವು. 120 ಜನರ ನಡುವೆ ಗೊರಕೆ ಹೊಡೆದರೆ ಅದು ಫ್ಯಾನಿನ ಸದ್ದು ಅನ್ನಿಸಿಕೊಳ್ಳುತ್ತದೆ. ಆರೇಳು ಜನರ ಕೋಣೆಯಲ್ಲಿ ಹೊಡೆದರೆ ಪಾಠವೇ ನಿಲ್ಲುತ್ತದೆ. ಮಗಳು ಮೊಣಕೈಯಲ್ಲಿ ತಿವಿದಳು. ನಾನು ದಡಬಡಿಸಿ ಎದ್ದು, ಅಷ್ಟು ಜನರ ಮುಂದೆ, 'ಮಂಜುನಾಥ, ಪ್ರೆಸೆಂಟ್ ಸಾರ್!' ಎಂದು ಕೂಗಿದೆ.

ಮುಂದಿನ ಕಾಲೇಜಿಗೆ ಹೋಗುವಾಗ ಮರ್ಯಾದೆ ಕಾಯಲಿ ಅಂತ ನನ್ನ ಮದುವೆಯ ಕೋಟು ಹಾಕಿದೆ. ಕಂಕುಳಲ್ಲಿ ದಪ್ಪ ಫೈಲು. ಗೇಟಿನಲ್ಲಿ ರಂಗೋಲಿ, ಮಾವಿನ ತೋರಣ, ಪೂರ್ಣಕುಂಭ ಹಿಡಿದ ಹುಡುಗಿಯರು. ಪೋಷಕರನ್ನು ಎಷ್ಟು ಆದರದಿಂದ ಕಾಣುತ್ತಾರಲ್ಲ ಅಂತ ಗಂಟಲು ಕಟ್ಟಿಬಂತು. ಅವತ್ತು ನ್ಯಾಕ್ ತಂಡ ಬರುವ ದಿನ ಅಂತ ನನಗೇನು ಗೊತ್ತು? ಕಾಲೇಜಿಗೆ ಶ್ರೇಣಿ ಕೊಡಲು ಹೊರರಾಜ್ಯದ ಪ್ರೊಫೆಸರುಗಳು ಬರಬೇಕಿತ್ತು. ನನ್ನ ಕೋಟು ನೋಡಿದವರು ಯಾರೇ ಆದರೂ ಇವನು ಈ ಊರಿನವನಲ್ಲ ಅಂತಲೇ ಅಂದುಕೊಳ್ಳಬೇಕು. ತಪ್ಪು ಕೋಟಿನದು. ಬಾಯಿ ತೆರೆಯುವ ಮೊದಲೇ ಕೊರಳಿಗೆ ಏಲಕ್ಕಿ ಹಾರ, ತಲೆಗೆ ಮೈಸೂರು ಪೇಟ ಬಂತು. ಹಿಂದಿಯಲ್ಲಿ ಮಾತಾಡಿಸಿದರು. ನನ್ನ ಹಿಂದಿ 'ಅಚ್ಛಾ' ತನಕ. ಲೈಬ್ರರಿ ತೋರಿಸಿದರು, 'ಅಚ್ಛಾ' ಅಂದೆ. ಮಳೆನೀರು ಕೊಯ್ಲಿನ ತೊಟ್ಟಿ ತೋರಿಸಿದರು, 'ಅಚ್ಛಾ, ಅಚ್ಛಾ' ಅಂದೆ. ಎಲ್ಲರ ಮುಖವೂ ಅರಳಿತು. ಹಿಂದೆ ಫೈಲು ಹೊತ್ತು ಬರುತ್ತಿದ್ದ ಮಗಳು ಬಾಯಿಗೆ ದುಪಟ್ಟಾ ತುರುಕಿಕೊಂಡಿದ್ದಳು. ಕೇಸರಿಬಾತ್ ಆದ ಮೇಲೆ ಪ್ರಿನ್ಸಿಪಾಲರು ವಿನಯದಿಂದ, 'ಎನಿ ಸಜೆಶನ್ ಸರ್?' ಎಂದರು. ಇದೇ ಸಮಯ ಅಂತ ಗಂಟಲು ಸರಿಮಾಡಿಕೊಂಡು ಅಪ್ಪಟ ಕನ್ನಡದಲ್ಲಿ ಕೇಳಿದೆ: 'ನಿಮ್ಮಲ್ಲಿ ಜೂವಾಲಜಿ ಜೊತೆ ಮದ್ದಳೆ ಸಿಗುತ್ತದೆಯೇ?'

ಅದೇ ಗಳಿಗೆಗೆ ಹೊರಗೆ ಕಾರುಗಳ ಹಾರ್ನು. ಪೇಟ ತೆಗೆಯಲು ಹೋದೆ, ಕನ್ನಡಕವೂ ಜೊತೆಗೇ ಬಂತು. ಕಣ್ಣು ಕಾಣದೆ, ಹಾರವನ್ನು ಪಕ್ಕದಲ್ಲಿದ್ದ ಯಾರಿಗೋ ಹಾಕಿ ಕೈಮುಗಿದೆ. ಅದು ಪ್ರಯೋಗಾಲಯದ ಅಸ್ಥಿಪಂಜರ. ಪಾಪ, ಆ ಪ್ರಿನ್ಸಿಪಾಲರು ದೊಡ್ಡ ಮನುಷ್ಯರು. ಹಿಂಬಾಗಿಲಿನ ತನಕ ಬಂದು ಬೀಳ್ಕೊಟ್ಟು, 'ಒಳ್ಳೇ ರಿಹರ್ಸಲ್ ಆಯ್ತು ಬಿಡಿ' ಎಂದರು.

ಇಷ್ಟಾದ ಮೇಲೆ ಸುಮ್ಮನಿರಬೇಕಿತ್ತು. ಸುಮ್ಮನಿದ್ದರೆ ನಾನ್ಯಾಕೆ ಹೀಗಿರುತ್ತಿದ್ದೆ? ಆನ್‌ಲೈನ್ ಅರ್ಜಿಯ ಕೊನೆಯ ದಿನ ಹತ್ತಿರ ಬಂತು. ಮನೆಯವರಿಗೆ ಹೇಳದೆ ಮಧ್ಯರಾತ್ರಿ ಕೂತು, ಹಲಸಿನ ಮರದ ಕಾಲೇಜಿಗೆ ಅರ್ಜಿ ಹಾಕಿದೆ. ಅಲ್ಲಿ ಆಧಾರ್ ಕೇಳಿತು, ಬಾಯಿಗೆ ಬರುವ ನಂಬರ್ ಒತ್ತಿದೆ. ಓಟಿಪಿ ಬಂತು, ಒತ್ತಿದೆ. ಫೋಟೋ ಕೇಳಿತು, ಫೋನಿನಲ್ಲಿದ್ದ ಪಾಸ್‌ಪೋರ್ಟ್ ಅಳತೆಯ ಒಂದೇ ಫೋಟೋ ಹಾಕಿದೆ. ಬೆಳಿಗ್ಗೆ ಕಾಫಿ ಜೊತೆ ಸುದ್ದಿ ಹೇಳಿ ಮೀಸೆ ತಿರುವಿದರೆ ಮಗಳು, 'ಅಪ್ಪಾ, ನಾನು ಹೋದ ವಾರವೇ ಅಲ್ಲಿಗೆ ಅರ್ಜಿ ಹಾಕಿ ಆಯ್ತಲ್ಲ' ಎಂದಳು. ಬಾಟನಿ, ಜೂವಾಲಜಿ, ಕೆಮಿಸ್ಟ್ರಿ, ಭಾಷೆಗೆ ಕನ್ನಡ. ಮದ್ದಳೆ ಹೇಳಿಕೊಡುವ ಗುರುಗಳು ಅದೇ ಬೀದಿಯಲ್ಲಿದ್ದಾರಂತೆ, ಸಂಜೆ ಅಲ್ಲಿಗೆ. ಹಳಗನ್ನಡಕ್ಕೆ ಲೈಬ್ರರಿ, ಷೇರಿಗೆ ಫೋನು. ಕಪ್ಪೆಗಳು ಹಳ್ಳದಲ್ಲೇ ಇವೆ, ಅವಕ್ಕೆ ಕಾಂಬಿನೇಷನ್ ಬೇಡ. ಎಲ್ಲವನ್ನೂ ಒಂದೇ ಕಾಲೇಜು ಕೊಡಬೇಕು ಅಂತ ಅವಳು ಯಾವತ್ತೂ ಕೇಳಿರಲೇ ಇಲ್ಲ, ಅದು ನನ್ನದೇ ಹಟ.

ಸೀಟಿನ ಪಟ್ಟಿ ಬಂದ ದಿನ ಕಾಲೇಜು ಕಚೇರಿಯಿಂದ ಫೋನು. 'ಒಂದೇ ವಿಳಾಸದಿಂದ ಇಬ್ಬರು ಆಯ್ಕೆ ಆಗಿದ್ದಾರೆ ಸಾರ್. ಒಬ್ಬರು ಹುಡುಗಿ. ಇನ್ನೊಬ್ಬರ ಜನ್ಮದಿನಾಂಕದಲ್ಲಿ ಏನೋ ವ್ಯತ್ಯಾಸ ಕಾಣ್ತಿದೆ, 1973 ಅಂತ ಬಂದಿದೆ.' ನಾನು ತಡವರಿಸುತ್ತ ಅದು ವ್ಯತ್ಯಾಸವಲ್ಲ ಎಂದೆ. ಆ ಕಡೆ ಕೊಂಚ ಹೊತ್ತು ಮೌನ. ಆಮೇಲೆ ಗಂಭೀರವಾಗಿ, 'ಹಾಗಾದರೆ ಅಸಲು ಅಂಕಪಟ್ಟಿ, ಟಿಸಿ ತನ್ನಿ. ಬಾಟನಿಯಲ್ಲಿ ಒಂದು ಸೀಟು ಖಾಲಿ ಇದೆ' ಎಂದರು.

'ಹೋಗಿ ಬನ್ನಿ, ಮನೇಲಿ ಕೂತು ಏನು ಕಡಿದು ಹಾಕ್ತೀರಿ' ಎಂದಳು ನನ್ನವಳು. ಅಟ್ಟ ಹತ್ತಿ, ಕಬ್ಬಿಣದ ಟ್ರಂಕು ಕೆಡವಿ, ಅಂಕಪಟ್ಟಿ ಹುಡುಕಿದೆ. ಇಲಿ ಒಂದು ಮೂಲೆ ತಿಂದಿತ್ತು, ಅಂಕಗಳಿದ್ದ ಭಾಗವನ್ನು ಮೂಸಿ ಬಿಟ್ಟಿತ್ತು. ಮಗಳು ಅದನ್ನು ಬೆಳಕಿಗೆ ಹಿಡಿದು, ಮೇಲಿಂದ ಕೆಳಗಿನ ತನಕ ಓದಿ, ಜೋಪಾನವಾಗಿ ಮಡಿಸಿ ನನ್ನ ಕೈಗೇ ವಾಪಸು ಕೊಟ್ಟಳು.

'ಅಪ್ಪಾ, ಇದಕ್ಕೆ ಮ್ಯಾನೇಜ್‌ಮೆಂಟ್ ಕೋಟಾನೇ ಗತಿ.'